ಅತ್ತಿಗೆಯ ನೀಲಿ

ನನ್ನ ಗಂಡನ ಅಕ್ಕನಿಗೆ, ಅಂದರೆ ನನ್ನ ಅತ್ತಿಗೆಗೆ, ತೆರೆದ ಕಿಟಕಿ ಕಂಡರೆ ಆಗುತ್ತಿರಲಿಲ್ಲ. ಧೂಳು ಬರುತ್ತದೆ ಎಂಬುದು ಅವರ ತಕರಾರು. ಮದುವೆಯಾಗಿ ಬಂದ ಹೊಸದರಲ್ಲಿ ಸೆಕೆ ತಾಳಲಾರದೆ ನಾನು ಅಡುಗೆಮನೆಯ ಕಿಟಕಿ ತೆರೆದಿಟ್ಟೆ. ಅತ್ತಿಗೆ ಬಂದರು, ಕಿಟಕಿ ಮುಚ್ಚಿದರು, ಬಿಳಿ ಬಟ್ಟೆಯಿಂದ ಒಲೆಯ ಕಟ್ಟೆ ಒರೆಸಿ ಆ ಬಟ್ಟೆಯನ್ನು ನನ್ನ ಮೂಗಿನ ಮುಂದೆ ಹಿಡಿದರು.

“ಇದನ್ನ ನನ್ನ ತಮ್ಮ ಉಸಿರಾಡ್ಬೇಕಾ?” ಎಂದರು.

ಆ ತಮ್ಮ ಅಂದರೆ ನನ್ನ ಯಜಮಾನರು, ಆಗಲೇ ಮೀಸೆ ಬಲಿತ ಗಂಡಸು. ಥಿನ್ನರು, ಬಣ್ಣದ ದ್ರಾವಣ ಸಾಗಿಸುವ ಲಾರಿಗಳು ಖಾಲಿಯಾಗಿ ಬಂದಾಗ ಅವುಗಳ ಟ್ಯಾಂಕಿನೊಳಗೆ ಇಳಿದು ತಳ ಕೆರೆದು ತೊಳೆಯುವುದು ಅವರ ಕೆಲಸ. ದಿನವೆಲ್ಲ ಆ ಕೊಳೆಯಲ್ಲಿ ಮುಳುಗಿ ಬರುವವರಿಗೆ ಅಡುಗೆಮನೆಯ ಧೂಳು ಯಾವ ಲೆಕ್ಕ? ಆದರೆ ಅತ್ತಿಗೆಯ ಕಣ್ಣಿಗೆ ಅವರಿನ್ನೂ ಮೂಗು ಸೋರುವ ಹುಡುಗ. ತಾಯಿ ತೀರಿಕೊಂಡಾಗ ಅತ್ತಿಗೆ ಇನ್ನೂ ಶಾಲೆಗೆ ಹೋಗುತ್ತಿದ್ದರಂತೆ. ಅಂದು ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡವರು ಕೆಳಗೆ ಇಳಿಸಲೇ ಇಲ್ಲ. ನೋಡಲು ಬಂದ ಗಂಡುಗಳಿಗೆಲ್ಲ ತಮ್ಮನೂ ನನ್ನ ಜೊತೆ ಬರುತ್ತಾನೆ ಎಂದು ಮೊದಲೇ ಹೇಳುತ್ತಿದ್ದರು. ಬಂದವರು ಬಂದ ಹಾಗೇ ಕಾಲಿಗೆ ಬುದ್ಧಿ ಹೇಳಿದರು. ನನಗೆ ಅತ್ತೆ ಇಲ್ಲವೆಂದು ಗೆಳತಿಯರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಪಾಪ, ಅವರು ನನ್ನ ಅತ್ತಿಗೆಯನ್ನು ನೋಡಿರಲಿಲ್ಲ.

ಅತ್ತಿಗೆಯ ಈ ಧೂಳಿನ ಹುಚ್ಚು ಕೆಲಸದ ಜಾಗದಿಂದ ಅಂಟಿಕೊಂಡದ್ದು. ಅವರದು ಬಣ್ಣ ಹಚ್ಚದೆ ಬಣ್ಣ ಬರಿಸುವ ಕಾರ್ಖಾನೆ. ಸಣ್ಣ ಕಟ್ಟಡ, ಹೊರಗಿನಿಂದ ನೋಡಿದರೆ ಮುಚ್ಚಿದ ಆಸ್ಪತ್ರೆಯ ಹಾಗೆ. ಒಳಗಿನ ಗಾಜಿನ ಕೋಣೆಗೆ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೆ ಬಿಳಿ ಮೇಲುಡುಪು, ಬಾಯಿಗೆ ಬಟ್ಟೆ, ಕೈಗೆ ಗವಸು. ನಡುವೆ ಉಕ್ಕಿನ ದೊಡ್ಡದೊಂದು ಯಂತ್ರ. ಅದಕ್ಕೆ ಎಂಥದೋ ಉದ್ದನೆಯ ಹೆಸರಿತ್ತು, ನಾವೆಲ್ಲ ಹಂಡೆ ಎಂದೇ ಕರೆಯುತ್ತಿದ್ದೆವು. ಹಂಡೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಎರಡು ಬಗೆಯ ಪುಡಿಗಳನ್ನು ಒಂದಾದ ಮೇಲೊಂದರಂತೆ ಕಾಯಿಸಿ ಆವಿ ಮಾಡುತ್ತಿದ್ದರು. ಆ ಆವಿ ಮೇಲೆ ಬಿಗಿದ ಪಾರದರ್ಶಕ ಹಾಳೆಗೆ ಪದರ ಪದರವಾಗಿ ಕೂರುತ್ತಿತ್ತು. ಆಮೇಲೆ ಹಾಳೆಯನ್ನು ಒಂದು ದ್ರಾವಣದಲ್ಲಿ ಅದ್ದಿದರೆ ಎರಡರಲ್ಲಿ ಒಂದು ಕರಗಿ ಹೋಗಿ, ಇನ್ನೊಂದು ಮಾತ್ರ ತೆಳ್ಳನೆಯ ಅಟ್ಟಗಳಾಗಿ ಉಳಿಯುತ್ತಿತ್ತು. ಅಟ್ಟಗಳ ನಡುವೆ ಬರೀ ಗಾಳಿ. ಯಾವ ಕಣ್ಣಿಗೂ ಕಾಣದಷ್ಟು ಸಣ್ಣವು ಅವು. ಕಾಣುವುದು ನೀಲಿ ಮಾತ್ರ.

ಆ ನೀಲಿಯನ್ನು ಹೇಗೆ ಹೇಳಲಿ? ಸೀರೆಯಲ್ಲಿ ಇಲ್ಲ, ಹೂವಿನಲ್ಲಿ ಇಲ್ಲ. ಒಳಗಿನಿಂದ ದೀಪ ಹಚ್ಚಿಟ್ಟ ಹಾಗಿರುತ್ತಿತ್ತು. ಹಂಡೆಯಿಂದ ಹಾಳೆ ತೆಗೆಯುವುದು, ಅದ್ದುವುದು, ಬೆಳಕಿಗೆ ಹಿಡಿದು ಒಳ್ಳೆಯದು ಕೆಟ್ಟದ್ದು ಹೇಳುವುದು ಅತ್ತಿಗೆಯ ಕೆಲಸ. ತಮ್ಮನಿಗೆ ಮದುವೆ ಮಾಡಿದ ಮೇಲೆ ನನ್ನನ್ನೂ ಅದೇ ಕಾರ್ಖಾನೆಗೆ ಸೇರಿಸಿದರು. ನನಗೆ ಪಕ್ಕದ ಕೋಣೆ: ಹಾಳೆಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಪಿನ್ನಿರುವ ಪ್ಲಾಸ್ಟಿಕ್ ಚೌಕಟ್ಟಿಗೆ ಕೂರಿಸಿ ಬ್ಯಾಡ್ಜ್ ಮಾಡುವುದು. ಮನೆಯಲ್ಲೂ ಅವರೇ, ಕೆಲಸದಲ್ಲೂ ಅವರೇ. ನಾನು ಅದು ಹೇಗೆ ಬದುಕಿದೆನೋ.

ಈ ವಿದ್ಯೆಯನ್ನು ತಂದವರು ಒಬ್ಬ ಸಂಶೋಧಕಿ. ನಮಗೆಲ್ಲ ಡಾಕ್ಟರಮ್ಮ. ಮೊದಮೊದಲು ಅವರೇ ಹಂಡೆಯ ಪಕ್ಕ ನಿಂತು ಕಲಿಸಿದವರು. ಒಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಸತ್ತ ಚಿಟ್ಟೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಅಂಗೈಯಗಲದ ರೆಕ್ಕೆ, ನಮ್ಮ ಹಾಳೆಯದೇ ನೀಲಿ.

“ಇದರಲ್ಲಿ ನೀಲಿ ಬಣ್ಣ ಅನ್ನೋದು ಒಂದು ಚೂರೂ ಇಲ್ಲ” ಎಂದರು ಡಾಕ್ಟರಮ್ಮ. “ರೆಕ್ಕೆಯ ಪುಡಿಯೊಳಗೆ ಅಟ್ಟಗಳಿವೆ. ಬೆಳಕು ಆ ಅಟ್ಟಗಳಿಗೆ ಬಡಿದು ವಾಪಸ್ ಬರೋವಾಗ ನೀಲಿ ಆಗತ್ತೆ. ಈಗ ನೋಡಿ.”

ಒಂದು ಹನಿ ಸ್ಪಿರಿಟ್ಟನ್ನು ರೆಕ್ಕೆಯ ಮೇಲೆ ಬಿಟ್ಟರು. ಹನಿ ಬಿದ್ದ ಕಡೆ ನೀಲಿ ಹೋಗಿ ಹಸಿರಾಯಿತು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಅಟ್ಟಗಳ ನಡುವೆ ಗಾಳಿಯಿದ್ದ ಜಾಗಕ್ಕೆ ಸ್ಪಿರಿಟ್ ನುಗ್ಗಿದ್ದಕ್ಕೆ ಹೀಗಾಯಿತು, ಆವಿ ನುಗ್ಗಿದರೂ ಹೀಗೇ ಆಗುತ್ತದೆ ಎಂದರು. ನೋಡುತ್ತಿದ್ದಂತೆ ಹನಿ ಆರಿತು, ನೀಲಿ ಮರಳಿತು. ಟ್ಯಾಂಕ್ ತೊಳೆಯುವವರ ಎದೆಗೆ ಈ ಬ್ಯಾಡ್ಜ್ ಸಿಕ್ಕಿಸುವುದು ಇದಕ್ಕೇ. ಒಳಗೆ ವಿಷದ ಆವಿ ಹೆಚ್ಚಾದರೆ ಮನುಷ್ಯನ ಮೂಗು ಸ್ವಲ್ಪ ಹೊತ್ತಿಗೆ ಒಗ್ಗಿಹೋಗುತ್ತದೆ, ತಲೆ ಮಂಕಾಗುತ್ತದೆ, ಗೊತ್ತೇ ಆಗುವುದಿಲ್ಲ. ಬ್ಯಾಡ್ಜ್ ಹಸಿರಾದರೆ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಮೇಲೆ ಹತ್ತಬೇಕು.

“ಅಟ್ಟದ ಬಾಯಿ ಯಾವಾಗಲೂ ತೆರೆದೇ ಇರಬೇಕು” ಎಂದು ಡಾಕ್ಟರಮ್ಮ ಅತ್ತಿಗೆಯ ಕಡೆ ತಿರುಗಿ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಅತ್ತಿಗೆ ತಲೆಯಾಡಿಸಿದರು. ಆದರೆ ಹಸಿರಾದದ್ದು ಅವರಿಗೆ ಹಿಡಿಸಿರಲಿಲ್ಲ. ಮನೆಗೆ ನಡೆದು ಬರುವಾಗ, “ಅಷ್ಟು ಚೆಂದದ ಬಣ್ಣ, ಒಂದು ಹನಿಗೆ ಕೆಟ್ಟುಹೋಯ್ತಲ್ಲೇ” ಎಂದು ಪೇಚಾಡಿದರು.

ನಮ್ಮ ಯಜಮಾನರ ಕೆಲಸದ ಕಡೆಯವರೂ ಆ ಬ್ಯಾಡ್ಜನ್ನೇ ಕೊಂಡರು. ಅತ್ತಿಗೆಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ. ತಮ್ಮ ಟ್ಯಾಂಕಿಗೆ ಇಳಿಯುವ ಕೆಲಸಕ್ಕೆ ಸೇರಿದಾಗ ಎಷ್ಟೋ ದಿನ ಊಟ ಬಿಟ್ಟು ಹಟ ಹಿಡಿದಿದ್ದವರು, ಈಗ ತಾನೇ ಮಾಡಿದ ಬಿಲ್ಲೆ ಅವನ ಎದೆಯ ಮೇಲಿರುತ್ತದೆ ಎಂದು ನಿದ್ದೆ ಮಾಡತೊಡಗಿದರು. ಇವರು ಮನೆಗೆ ಬಂದ ಕೂಡಲೇ ಅಂಗಿಯನ್ನು ಅಡುಗೆಮನೆಯ ಬಾಗಿಲ ಮೊಳೆಗೆ ತಗುಲಿ ಹಾಕುತ್ತಿದ್ದರು, ಬ್ಯಾಡ್ಜ್ ಅದರ ಮೇಲೇ ಇರುತ್ತಿತ್ತು. ಅನ್ನದ ಪಾತ್ರೆ ಕುದಿದು ಹಬೆ ಎದ್ದರೆ ಸಾಕು, ಅದು ಹಸಿರಾಗುತ್ತಿತ್ತು. ಕಿಟಕಿ ತೆರೆಯದ ಮನೆ, ಹಬೆ ಇನ್ನೆಲ್ಲಿಗೆ ಹೋಗಬೇಕು? ಇವರು ಹಜಾರದಿಂದಲೇ ನೋಡಿ, “ಅನ್ನ ಆಯ್ತು ಕಣೇ, ಅಕ್ಕ ಹೇಳ್ತಿದ್ದಾಳೆ” ಎಂದು ಕೂಗುತ್ತಿದ್ದರು. ನನಗೆ ನಗು. ಅತ್ತಿಗೆ ಮಾತ್ರ ಮುಖ ಊದಿಸಿಕೊಳ್ಳುತ್ತಿದ್ದರು. ತಾವು ಮಾಡಿದ ವಸ್ತು ಅನ್ನದ ಪಾತ್ರೆಗೆ ಹೆದರುತ್ತದೆ ಎನ್ನುವುದನ್ನು ಅವರು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಬ್ಯಾಡ್ಜುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ವಾಪಸ್ ಬರತೊಡಗಿದವು. ಬೆವರಿಗೆ ಹಸಿರು, ಬೆರಳಿನ ಜಿಡ್ಡಿಗೆ ಹಸಿರು. ಏನೂ ಆಗದಿದ್ದರೂ ಕೆಲಸಗಾರರು ಗಳಿಗೆಗೊಮ್ಮೆ ಮೇಲೆ ಹತ್ತಿ ಕೂರುತ್ತಾರೆ, ಕೆಲಸ ಸಾಗುತ್ತಿಲ್ಲ ಎಂದು ಕೊಂಡವರ ದೂರು. ನಮ್ಮ ಮೇಲ್ವಿಚಾರಕರು ಕೆಟ್ಟ ಮನುಷ್ಯರೇನಲ್ಲ, ಆದರೆ ಯಾರು ಕೊನೆಗೆ ಬೈದರೋ ಅವರ ಮಾತೇ ಅವರಿಗೆ ವೇದ. ಅತ್ತಿಗೆಯನ್ನು ಎಲ್ಲರ ಎದುರು ಕರೆದು, ಅಂಚೆಲ್ಲ ಹಸಿರು ತಿರುಗಿದ ಬಿಲ್ಲೆಗಳನ್ನು ಮೇಜಿನ ಮೇಲೆ ಸುರಿದರು.

“ಏನಮ್ಮಾ ಇದು? ನಿಮ್ಮ ಬಣ್ಣ ನಿಲ್ಲಲ್ವಾ?” ಎಂದರು.

ಅತ್ತಿಗೆಯ ಕಿವಿ ಕೆಂಪಾಯಿತು. ಇಷ್ಟು ವರ್ಷ ಅವರ ಕೈಯ ನೀಲಿಗೆ ಯಾರೂ ಹೀಗೆ ಅಂದಿರಲಿಲ್ಲ. ಡಾಕ್ಟರಮ್ಮ ಆ ಹೊತ್ತಿಗೆ ತಮ್ಮ ಕೆಲಸ ಮುಗಿಸಿ ಬೇರೆ ಊರಿನ ಕಾಲೇಜಿಗೆ ಹೋಗಿಯಾಗಿತ್ತು. ಒಂದು ಫೋನ್ ಮಾಡಿ ಕೇಳಿ ಎಂದು ನಾನೇ ಅತ್ತಿಗೆಗೆ ಹೇಳಿದೆ. “ಅವರಿಗೆ ನೂರೆಂಟು ಕೆಲಸ ಇರತ್ತೆ. ಇಷ್ಟಕ್ಕೆಲ್ಲ ಅವರನ್ನ ಯಾಕೆ ಪೀಡಿಸೋದು?” ಎಂದು ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಅವರು ಊಟದ ಹೊತ್ತಿನಲ್ಲೂ ಗಾಜಿನ ಕೋಣೆ ಬಿಟ್ಟು ಹೊರಗೆ ಬರುವುದು ನಿಂತಿತು.

ಉಪಾಯ ಹೊಳೆದದ್ದು ಅವರಿಗೇ. ಅದ್ದಿ ಒಣಗಿಸಿದ ಹಾಳೆಯನ್ನು ಮತ್ತೆ ಹಂಡೆಗಿಟ್ಟು, ಎಲ್ಲ ಅಟ್ಟಗಳ ಮೇಲೆ ಕೊನೆಯದಾಗಿ ಒಂದು ತೆಳ್ಳನೆಯ ಹೊದಿಕೆ. ಬೆವರು, ಜಿಡ್ಡು ದಪ್ಪ, ಅವು ಹೊರಗೇ ನಿಲ್ಲುತ್ತವೆ. ಥಿನ್ನರಿನ ಆವಿ ಸೂಕ್ಷ್ಮ, ಅದು ಹೊದಿಕೆಯೊಳಗಿಂದ ನುಸುಳಿ ಹೋಗುತ್ತದೆ, ಸೊಳ್ಳೆಪರದೆಯೊಳಗೆ ಗಾಳಿ ಬರುವ ಹಾಗೆ. ಇದು ಅವರ ಲೆಕ್ಕಾಚಾರ. ತಪ್ಪು ಲೆಕ್ಕಾಚಾರ ಎಂದು ಯಾರಿಗೂ ಅನಿಸಲಿಲ್ಲ. ಅವರು ಪರೀಕ್ಷೆ ಮಾಡದೆ ಬಿಟ್ಟವರೂ ಅಲ್ಲ. ಹೊದಿಕೆ ಹಾಕಿದ ಹಾಳೆಯನ್ನು ಹಂಡೆಯಿಂದ ತೆಗೆದ ಕೂಡಲೇ ಒಂದು ಬಿಲ್ಲೆ ಕತ್ತರಿಸಿ, ಅದನ್ನು ತಳದಲ್ಲಿ ಸ್ಪಿರಿಟ್ ಇದ್ದ ಗಾಜಿನ ಭರಣಿಯೊಳಗೆ ಇಳಿಬಿಟ್ಟು ಮುಚ್ಚಳ ಹಾಕಿದರು. ನಾವೆಲ್ಲ ಸುತ್ತ ನಿಂತು ನೋಡಿದೆವು. ಹಸಿರಾಯಿತು. ತೆಗೆದರು, ನೀಲಿಯಾಯಿತು. ಬೆರಳಿನಿಂದ ಒತ್ತಿ ತಿಕ್ಕಿದರು, ನೀಲಿ ಅಲುಗಲಿಲ್ಲ. ಮೇಲ್ವಿಚಾರಕರು ಚಪ್ಪಾಳೆ ತಟ್ಟಿದರು. ಆ ದಿನ ಅತ್ತಿಗೆ ನಗುತ್ತಾ ಮನೆಗೆ ಬಂದರು, ನನಗೆ ಬೈಯಲೂ ಮರೆತರು.

ಅವರು ನೋಡದೆ ಹೋದದ್ದು ಒಂದೇ. ಹೊದಿಕೆ ಹಸಿಯಾಗಿದ್ದಾಗ ಅದರಲ್ಲಿ ಕಣ್ಣಿಗೆ ಕಾಣದ ಸಂದುಗಳಿದ್ದವು. ಪೆಟ್ಟಿಗೆಯಲ್ಲಿ ಕೂತು ಕೂತು ಅದು ಗಟ್ಟಿಯಾಗುತ್ತಿತ್ತು, ಸಂದುಗಳು ತಾವಾಗಿ ಕೂಡಿಕೊಳ್ಳುತ್ತಿದ್ದವು. ಹಳೆಯದಾದ ಬಿಲ್ಲೆಯನ್ನು ತೆಗೆದು ಮತ್ತೆ ಭರಣಿಗೆ ಇಳಿಸಿ ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಹೊಸ ಬ್ಯಾಡ್ಜ್ ನಮ್ಮ ಯಜಮಾನರ ಅಂಗಿಗೂ ಬಂತು. ಹಳೆಯದನ್ನು ಅತ್ತಿಗೆ ತಾವೇ ಬಿಚ್ಚಿ ಡ್ರಾಯರಿಗೆ ಎಸೆದರು. ಅನ್ನ ಕುದಿಯಿತು, ಅಡುಗೆಮನೆ ತುಂಬ ಹಬೆ ಎದ್ದಿತು. ಬಾಗಿಲ ಮೊಳೆಯಲ್ಲಿ ಬಿಲ್ಲೆ ನೀಲಿಯಾಗಿಯೇ ಇತ್ತು.

“ಈಗ ಕೂಗು ನೋಡೋಣ” ಎಂದರು ಅತ್ತಿಗೆ ತಮ್ಮನಿಗೆ.

“ಅಕ್ಕ ಇನ್ಮೇಲೆ ಅಡುಗೆ ವಿಷಯಕ್ಕೆ ತಲೆ ಹಾಕಲ್ವಂತೆ” ಎಂದು ಇವರು ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗ ಮೈ ಉರಿಯುತ್ತದೆ.

ದಿನಗಳು ಕಳೆದ ಹಾಗೆ ಇವರು ಬದಲಾಗುತ್ತಾ ಬಂದರು. ಮನೆಗೆ ಬಂದವರು ಚಪ್ಪಲಿ ಬಿಚ್ಚಲೂ ಆಗದೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ತಲೆನೋವು ಎನ್ನುತ್ತಿದ್ದರು. ಊಟದ ನಡುವೆ ಕಾರಣವಿಲ್ಲದೆ ನಗುತ್ತಿದ್ದರು, ಕೇಳಿದರೆ ಯಾಕೆ ನಕ್ಕೆನೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಹೇಳಿದ ಮಾತನ್ನೇ ಮತ್ತೆ ಹೇಳುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಮೊದಲು ಹೊಳೆದದ್ದು ಒಂದೇ: ಕುಡಿಯಲು ಕಲಿತಿದ್ದಾರೆ. ಹತ್ತಿರ ಹೋಗಿ ಬಾಯಿ ಮೂಸಿ ನೋಡಿದೆ. ಥಿನ್ನರಿನ ವಾಸನೆ ಬಿಟ್ಟರೆ ಬೇರೇನಿಲ್ಲ. ಆ ವಾಸನೆ ಅವರ ಬಟ್ಟೆಯಲ್ಲಿ ಮೊದಲಿನಿಂದಲೂ ಇದ್ದದ್ದು, ನನ್ನ ಮೂಗಿಗೆ ಒಗ್ಗಿಹೋಗಿತ್ತು.

“ಟ್ಯಾಂಕಿನದೇ ಏನಾದ್ರೂ ಇರ್ಬಹುದಾ ರೀ?” ಎಂದು ಒಮ್ಮೆ ಕೇಳಿದೆ.

“ಟ್ಯಾಂಕಿನದಾಗಿದ್ರೆ ಇದು ಹೇಳ್ತಿರ್ಲಿಲ್ವಾ?” ಎಂದು ಎದೆಯ ಮೇಲಿನ ಬಿಲ್ಲೆ ತಟ್ಟಿದರು. “ಬೆಳಗ್ಗೆಯಿಂದ ಸಂಜೆವರೆಗೂ ನೀಲಿ. ಮೊದಲಾದ್ರೆ ಹತ್ತೋದು ಇಳಿಯೋದು ಇದೇ ಆಗಿತ್ತು. ಈಗ ನೆಮ್ಮದಿಯಾಗಿ ಕೆಲಸ ಮಾಡ್ತೀವಿ.”

ಬೀದಿ ಕೊನೆಯ ಕ್ಲಿನಿಕ್ಕಿನ ವೈದ್ಯರೂ ಅದನ್ನೇ ಕೇಳಿದರಂತೆ, ಇವರು ಅದೇ ಬಿಲ್ಲೆ ತೋರಿಸಿದರಂತೆ. ವೈದ್ಯರು ತಲೆನೋವಿನ ಮಾತ್ರೆ ಬರೆದುಕೊಟ್ಟು, ಕಣ್ಣು ಪರೀಕ್ಷೆ ಮಾಡಿಸಿ ಎಂದರು. ಅತ್ತಿಗೆ ತಮ್ಮನ ಹಣೆಗೆ ಮುಲಾಮು ತಿಕ್ಕಿದರು. ನನ್ನ ಕಡೆ ತಿರುಗಿ, ನಿನ್ನ ವಟವಟಕ್ಕೇ ಇವನಿಗೆ ತಲೆನೋವು ಬರುತ್ತಿದೆ ಎಂದರು. ನಾನೂ ಬಿಡಲಿಲ್ಲ, ಕಿಟಕಿ ತೆರೆದರೆ ಎಲ್ಲರ ತಲೆನೋವೂ ಹೋಗುತ್ತದೆ ಎಂದೆ. ನಾವಿಬ್ಬರು ಹೀಗೆ ಕಿತ್ತಾಡುತ್ತಿದ್ದರೆ ನಡುವೆ ಕೂತ ಮನುಷ್ಯ ಕಣ್ಣು ಮುಚ್ಚಿಕೊಂಡು ಸುಮ್ಮನೆ ನಗುತ್ತಿದ್ದರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ. ಮನೆಯೊಳಗೆ ಯಾರೋ ಬಂದು ಕೂತಿದ್ದಾರೆ, ನಮಗೆ ಕಾಣುತ್ತಿಲ್ಲ ಎಂದು ನನಗೆ ಅನಿಸುತ್ತಿತ್ತು. ಹೇಳಿದ್ದರೆ ಹುಚ್ಚಿ ಎನ್ನುತ್ತಿದ್ದರು.

ಆ ದಿನ ನಮ್ಮ ಕಾರ್ಖಾನೆಗೆ ರಜೆ, ಇವರಿಗೆ ಇರಲಿಲ್ಲ. ಬೆಳಿಗ್ಗೆ ಇವರ ಅಂಗಿ ಒಗೆಯಲು ಹಾಕಿದ್ದರಿಂದ ಬೇರೆ ಅಂಗಿ ಕೊಟ್ಟೆ. ಅದಕ್ಕೆಂದು ಕೆಲಸದ ಕಡೆ ಕೊಟ್ಟಿದ್ದ ಇನ್ನೊಂದು ಬ್ಯಾಡ್ಜ್ ಇತ್ತು, ಅದನ್ನು ಸಿಕ್ಕಿಸಿಕೊಂಡು ಹೋದರು. ಒಗೆಯುವ ಅಂಗಿಯದನ್ನು ನಾನು ಬಿಚ್ಚಿ ಬಾಗಿಲ ಮೊಳೆಗೆ ಚುಚ್ಚಿದೆ. ಅತ್ತಿಗೆಗೆ ರಜೆಯೆಂದರೆ ಉಜ್ಜುವ ದಿನ. ಅಡುಗೆಮನೆಯ ಕಪಾಟಿಗೆ ಹಿಂದೆ ಯಾರೋ ಬಾಡಿಗೆಯವರು ಅಂಟಿಸಿದ್ದ ಕಾಗದದ ಅಂಟು ಉಳಿದುಕೊಂಡಿತ್ತು. ಅದನ್ನು ತೆಗೆಯಲು ಇವರು ತಂದಿಟ್ಟಿದ್ದ ಥಿನ್ನರಿನ ಡಬ್ಬಿ ತೆರೆದು, ಬಟ್ಟೆ ನೆನೆಸಿ, ತಿಕ್ಕತೊಡಗಿದರು. ಕಿಟಕಿ ಎಂದಿನಂತೆ ಭದ್ರವಾಗಿ ಮುಚ್ಚಿತ್ತು.

ನನಗೆ ಕಣ್ಣು ಉರಿಯಿತು, ತಲೆ ತಿರುಗಿದಂತಾಯಿತು. “ಅತ್ತಿಗೆ, ಇವತ್ತಾದ್ರೂ ಕಿಟಕಿ ತೆಗೀರಿ, ನಾನು ಇಲ್ಲೇ ಬಿದ್ದುಹೋಗ್ತೀನಿ” ಎಂದೆ.

“ಅಷ್ಟೇನಿಲ್ಲ ಬಿಡು” ಎಂದು ಅವರು ಬಾಗಿಲ ಮೊಳೆಯ ಕಡೆ ನೋಡಿದರು. “ಅಷ್ಟಿದ್ದಿದ್ರೆ ಅದು ಹಸಿರಾಗ್ತಿತ್ತು.”

ಬಿಲ್ಲೆ ನೀಲಿಯಾಗಿತ್ತು.

ಅವರ ಕೈ ನಿಂತಿತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಬಟ್ಟೆಯನ್ನು ತೆಗೆದುಕೊಂಡು ಹೋಗಿ ಬಿಲ್ಲೆಯ ಹತ್ತಿರ ಹಿಡಿದರು. ನೀಲಿ. ಮೊಳೆಯಿಂದ ಬಿಚ್ಚಿ ತಂದು ಒಂದು ಗಾಜಿನ ಲೋಟದೊಳಗೆ ಇಟ್ಟು, ಬಟ್ಟೆಯನ್ನು ಹಿಂಡಿ, ಮೇಲೆ ತಟ್ಟೆ ಮುಚ್ಚಿದರು. ನಾವಿಬ್ಬರೂ ಕಟ್ಟೆಗೆ ಕೈಯೂರಿ ಬಗ್ಗಿ ನಿಂತೆವು. ಲೋಟದೊಳಗೆ ಗಾಜು ಮಂಜಾಯಿತು, ಹನಿ ಇಳಿಯಿತು. ಬಿಲ್ಲೆ ಒಳಗಿನಿಂದ ದೀಪ ಹಚ್ಚಿಟ್ಟ ಹಾಗೆ ನೀಲಿಯಾಗಿ ಉರಿಯುತ್ತಿತ್ತು.

ಅತ್ತಿಗೆಯ ಮುಖದಲ್ಲಿ ಒಂದು ತೊಟ್ಟು ರಕ್ತ ಇರಲಿಲ್ಲ. “ಅವನು ಇವತ್ತು ಒಳಗೆ ಇಳೀತಾನಾ?” ಎಂದು ಕೇಳಿದರು. ಅವರ ದನಿ ನನಗೆ ಗುರುತೇ ಸಿಗಲಿಲ್ಲ.

ಇಳಿಯುವವರು ಫೋನನ್ನು ಹೊರಗೆ ಇಟ್ಟು ಹೋಗಬೇಕು, ಕಿಡಿ ಹಾರುತ್ತದೆಂಬ ಭಯಕ್ಕೆ. ನಾನು ಮಾಡಿದ ಫೋನ್ ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಗೇಟಿನ ಕಾವಲುಗಾರನಿಗೆ ಮಾಡಿದೆ. ನನ್ನ ಗಂಡನನ್ನು ಈಗಲೇ ಮೇಲೆ ಕರೆಯಿರಿ, ಬ್ಯಾಡ್ಜ್ ಕೆಲಸ ಮಾಡುತ್ತಿಲ್ಲ ಎಂದು ಕಿರುಚಿದೆ. ಆತ ಒಳಗೆ ಹೋಗಿ ಬಂದು, “ಹೆದರ್ಬೇಡಿ ತಾಯಿ, ಮೇಲಿಂದ ಟಾರ್ಚ್ ಬಿಟ್ಟು ನೋಡಿದ್ರಂತೆ. ನೀಲಿನೇ ಇದೆಯಂತೆ” ಎಂದ.

ಅದನ್ನು ಕೇಳಿ ನಾನು ಬಾಗಿಲು ಹಾಕುವುದನ್ನೂ ಬಿಟ್ಟು ಓಡಿದೆ. ಅತ್ತಿಗೆ ಚಪ್ಪಲಿಯಿಲ್ಲದೆ ಹಿಂದೆ ಬಂದರು. ಆಟೋ ಹಿಡಿದೆವು. ಲೋಟ ಅವರ ಕೈಯಲ್ಲೇ ಇತ್ತು, ತಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೆಲ್ಲ ಅದರೊಳಗೆ ನೋಡುತ್ತಿದ್ದರು. ಹಸಿರಾಗಲಿ ಎಂದು ನಾನೂ ನೋಡುತ್ತಿದ್ದೆ. ದೇವರಿಗೆ ಹೇಳಿಕೊಳ್ಳಬೇಕೆಂದರೆ ನನ್ನ ಬಾಯಿಗೆ ಬಂದದ್ದು ಆ ಒಂದೇ ಮಾತು.

ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಒಂದು ಟ್ಯಾಂಕಿನ ಬಾಯಿಯ ಹತ್ತಿರ ಮಾತ್ರ ಜನ. ನಾವು ಹೋಗುವ ಹೊತ್ತಿಗೆ ಹಗ್ಗ ಕಟ್ಟಿ ಎಳೆದು ಮೇಲೆ ತಂದಿದ್ದರು. ನೆಲದ ಮೇಲೆ ಮಲಗಿಸಿದ್ದರು. ಒಬ್ಬ ಎದೆ ಒತ್ತಿ ಒತ್ತಿ ಸಾಕಾಗಿ ಕೂತಿದ್ದ. ನಮ್ಮ ಯಜಮಾನರ ತುಟಿಯ ಬಣ್ಣ ನಾನು ಹೇಳಲಾರೆ. ಎದೆಯ ಮೇಲೆ ಬಿಲ್ಲೆ ಬಿಸಿಲಿಗೆ ಹೊಳೆಯುತ್ತಿತ್ತು.

ನಾನು ಅವರ ಮೇಲೆ ಬಿದ್ದು ಅತ್ತೆ. ಅತ್ತಿಗೆ ಅಳಲಿಲ್ಲ. ತಮ್ಮನ ತಲೆಯ ಹತ್ತಿರ ಕೂತು, ಸೆರಗಿನಿಂದ ಅವರ ಮುಖಕ್ಕೆ ಮೆತ್ತಿದ್ದ ಕೊಳೆಯನ್ನು ಒರೆಸುತ್ತಾ ಹೋದರು. ಹಣೆ, ಕೆನ್ನೆ, ಕಿವಿಯ ಹಿಂದೆ. ಶಾಲೆಗೆ ಕಳಿಸುವಾಗ ಹೀಗೇ ಒರೆಸುತ್ತಿದ್ದರೇನೋ.

ಇವರ ಜೊತೆಯ ಕೆಲಸಗಾರ ಒಬ್ಬನಿದ್ದ, ಎತ್ತರದ ಆಳು, ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಟ್ಯಾಂಕಿನ ಬಾಯಿಯಲ್ಲಿ ಹಗ್ಗ ಹಿಡಿದು ಕಾಯುತ್ತಿದ್ದವನು ಅವನೇ. ಅವನು ನಮ್ಮ ಮುಂದೆ ಕುಸಿದು ಕೂತು ತಲೆ ಚಚ್ಚಿಕೊಂಡ. ಸಮಾಧಾನ ಹೇಳುವುದಕ್ಕೆಂದೇ ಅವನು ಆ ಮಾತು ಹೇಳಿದ್ದು, ಕೆಟ್ಟ ಉದ್ದೇಶ ಅವನಲ್ಲಿ ಏನೂ ಇರಲಿಲ್ಲ.

“ಅರ್ಧ ಏಣಿ ಹತ್ತಿ ಬಂದಿದ್ದ, ಅಕ್ಕ. ತಲೆ ತಿರುಗ್ತಿದೆ, ಯಾಕೋ ಆಗ್ತಿಲ್ಲ ಅಂದ. ಬಾರೋ ಮೇಲೆ ಅಂತ ನಾನು ಕೈ ಚಾಚಿದೆ. ಅಷ್ಟರಲ್ಲಿ ಎದೆ ನೋಡ್ಕೊಂಡ. ನೀಲಿ ಇತ್ತು. ‘ಇಲ್ಲ ಕಣೋ, ಇದು ನನ್ನ ತಲೆನೋವೇ. ನಮ್ಮಕ್ಕ ಮಾಡಿದ್ದು ಇದು, ಸುಳ್ಳು ಹೇಳಲ್ಲ’ ಅಂದು ಮತ್ತೆ ಇಳಿದುಬಿಟ್ಟ. ನಿಮ್ಮ ಮೇಲೆ ಅವನಿಗೆ ಅಷ್ಟು ನಂಬಿಕೆ ಇತ್ತಕ್ಕ.”

ಅತ್ತಿಗೆಯ ಕೈ ತಮ್ಮನ ಕಿವಿಯ ಹತ್ತಿರ ನಿಂತುಹೋಯಿತು. ನಾನು ಅವರನ್ನು ನೋಡಿದೆ. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಅವರ ಕುತ್ತಿಗೆಗೇ ಕೈ ಹಾಕುತ್ತಿದ್ದೆನೋ ಏನೋ. ಅವರ ಮುಖ ನೋಡಿದ ಮೇಲೆ ಕೈ ಏಳಲಿಲ್ಲ.

ತನಿಖೆಗೆ ಅಧಿಕಾರಿಗಳು ಬಂದರು. ಅವರ ಮುಂದೆ ಹೋಗುವ ಮೊದಲು ನಮ್ಮ ಮೇಲ್ವಿಚಾರಕರು ಅತ್ತಿಗೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ.

“ಹೊದಿಕೆ ವಿಷಯ ನೀವಾಗಿ ಎತ್ತಬೇಡಿ. ನಿಮ್ಮ ತಮ್ಮನೇ ಬ್ಯಾಡ್ಜ್ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಆಗತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ.”

“ನೋಡ್ಕೊಂಡ” ಎಂದರು ಅತ್ತಿಗೆ. “ನೋಡ್ಕೊಂಡಿದ್ದಕ್ಕೇ ಸತ್ತ.”

ಒಳಗೆ ಹೋಗಿ ಹಂಡೆಯಿಂದ ಹಿಡಿದು ಹೊದಿಕೆಯವರೆಗೆ ಒಂದೂ ಬಿಡದೆ ಹೇಳಿದರು. ನಾನು ಮುಚ್ಚಿದೆ, ನಾನೇ ಮುಚ್ಚಿದ್ದು ಎಂದರು. ಮೇಜಿನ ಮೇಲೆ ಅವರು ಇಟ್ಟ ಲೋಟವನ್ನು ಅಧಿಕಾರಿಗಳು ಒಬ್ಬರಾದ ಮೇಲೊಬ್ಬರು ಎತ್ತಿ ನೋಡಿದರು. ಡಾಕ್ಟರಮ್ಮ ಸುದ್ದಿ ಕೇಳಿ ಓಡಿ ಬಂದರು, ಹೊದಿಕೆ ಬಲಿತು ಮುಚ್ಚಿಕೊಂಡದ್ದನ್ನು ಕಂಡುಹಿಡಿದು ಹೇಳಿದವರು ಅವರೇ. ನನಗೆ ಒಂದು ಫೋನ್ ಮಾಡಬಾರದಿತ್ತೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು. ಕಳಿಸಿದ್ದ ಪೆಟ್ಟಿಗೆಗಳನ್ನೆಲ್ಲ ವಾಪಸ್ ತರಿಸಿದರು. ಎಲ್ಲವೂ ಬಂದವೇ ಎಂದು ಕೇಳಿದರೆ ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ. ಕೆಲವು ಕೈ ಬದಲಾಗಿ ಬೇರೆಲ್ಲೋ ಮಾರಾಟವಾಗಿವೆಯಂತೆ. ಬೆವರಿಗೆ ಕೆಡದ, ಬೆರಳಿಗೆ ಹೆದರದ ನೀಲಿ ಯಾರಿಗೆ ಬೇಡ? ಯಾವುದೋ ಅಂಗಳದಲ್ಲಿ ಯಾರ ಎದೆಯ ಮೇಲೋ ಅವು ಈಗಲೂ ಹೊಳೆಯುತ್ತಿರಬಹುದು.

ಅತ್ತಿಗೆ ಮತ್ತೆ ಗಾಜಿನ ಕೋಣೆಗೆ ಹೋಗಲಿಲ್ಲ. ಈಗ ಹತ್ತಿರದ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಾರೆ. ಸಂಜೆ ಬರುವಾಗ ಒಂದೊಂದು ದಿನ ಲಾರಿ ನಿಲ್ಲುವ ಕಡೆ ಹೋಗಿ, ಟ್ಯಾಂಕಿಗೆ ಇಳಿಯುವ ಹುಡುಗರ ಎದೆ ನೋಡಿಕೊಂಡು ಬರುತ್ತಾರೆ ಎಂದು ಉದ್ದಣ್ಣ ಹೇಳಿದ. ಯಾರಾದರೂ ಬೈದರೆ ಬೈಸಿಕೊಂಡು ಬರುತ್ತಾರಂತೆ.

ಅವರನ್ನು ಕ್ಷಮಿಸಿದೆಯಾ ಎಂದು ಜನ ನನ್ನನ್ನು ಕೇಳುತ್ತಾರೆ. ಇಲ್ಲ. ಸಿಟ್ಟು ಇದ್ದ ಹಾಗೇ ಇದೆ. ಆದರೂ ನಾವು ಒಂದೇ ಮನೆಯಲ್ಲಿದ್ದೇವೆ. ಇವರಿಗಾಗಿ ನನ್ನಷ್ಟೇ ಅಳುವ ಇನ್ನೊಂದು ಜೀವ ಇರುವುದು ಅಲ್ಲಿ ಮಾತ್ರ, ನಾನು ಬೇರೆಲ್ಲಿಗೆ ಹೋಗಲಿ?

ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಬ್ಯಾಡ್ಜ್ ಒಂದು ದಿನ ನನ್ನ ಕೈಗೆ ಸಿಕ್ಕಿತು, ಹೊದಿಕೆಯಿಲ್ಲದ್ದು. ಏನನ್ನಿಸಿತೋ, ತೆಗೆದು ಬಾಗಿಲ ಮೊಳೆಗೆ ಚುಚ್ಚಿದೆ. ಅತ್ತಿಗೆಯನ್ನು ನೋಯಿಸಲೆಂದೇ ಚುಚ್ಚಿದೆ ಎಂದರೂ ಸುಳ್ಳಲ್ಲ. ಅವರು ನೋಡಿದರು, ತೆಗೆಯಲಿಲ್ಲ. ಅಂದು ಅನ್ನ ಕುದಿಯಿತು, ಹಬೆ ಎದ್ದಿತು, ಬಿಲ್ಲೆ ಮೆಲ್ಲಗೆ ಹಸಿರಾಯಿತು. ಹಜಾರದಿಂದ ಯಾರೂ ಕೂಗಲಿಲ್ಲ. ಅತ್ತಿಗೆ ಎದ್ದು ಬಂದು, ನನ್ನ ಪಕ್ಕದಿಂದ ಕೈ ಚಾಚಿ, ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದರು.

ಈಗ ದಿನವೂ ಹಾಗೇ. ಹಸಿರಾದ ಕೂಡಲೇ ಎಲ್ಲಿದ್ದರೂ ಎದ್ದು ಬಂದು ಕಿಟಕಿ ತೆರೆಯುತ್ತಾರೆ, ಬಿಲ್ಲೆ ಮತ್ತೆ ನೀಲಿಯಾಗುವವರೆಗೆ ಅದರ ಹತ್ತಿರವೇ ನಿಂತಿರುತ್ತಾರೆ. ಧೂಳು ಬರುತ್ತದೆ. ಅವರು ಒರೆಸುವುದಿಲ್ಲ.